ಬದನೆ ಹುಳ, ಹೂತ ಗಡಿಗೆ, ನನ್ನ ಅರ್ಧ ಮೀಸೆ

ಗಿಡಕ್ಕೆ ಹುಳ ಬೀಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ನನ್ನ ಗಿಡಕ್ಕೆ ಬಿದ್ದರೆ ಅದರ ಹಿಂದೆ ಯಾರದೋ ಕೈವಾಡ ಇದ್ದೇ ಇರುತ್ತದೆ, ವರ್ಷಕ್ಕೊಂದಾದರೂ ರಾಮಾಯಣ ಆಗಿಯೇ ತೀರುತ್ತದೆ. ನಾನು ಶಾಲೆ ಬಾಗಿಲು ಕಂಡವನಲ್ಲ. ಕುರಿ ಹಿಂದೆ ಗುಡ್ಡ ಗುಡ್ಡ ತಿರುಗಿದವನು. ಒಂದು ಸಲ ತೋಳದ ಕಿವಿ ಹಿಂಡಿ ಬುದ್ಧಿ ಹೇಳಿ ಕಳಿಸಿದ್ದೆ. ಆ ತೋಳ ಈಗ ಬದುಕಿಲ್ಲ, ಇದ್ದಿದ್ದರೆ ಸಾಕ್ಷಿ ಹೇಳುತ್ತಿತ್ತು. ಅಂಥವನಿಗೆ ಸಾಸಿವೆಯಷ್ಟು ಹುಳ ನೀರು ಕುಡಿಸಿದ ಕತೆ ಇದು.

ಮೀಸೆ ಪಣಕ್ಕಿಟ್ಟಿದ್ದು

ಚಿತ್ರದುರ್ಗದ ಕೋಟೆ ಕೆಳಗಿನ ಬೀದಿಯಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಬದನೆ ಸಾಲು. ಹೊಸದುರ್ಗದಿಂದ ಬಂದ ಬೀಗರು, ಅಂದರೆ ನನ್ನ ಮಗಳ ಮಾವ, ಒಂದು ಕಾಯಿ ಕಿತ್ತು ಮುರಿದರು. ಒಳಗಿದ್ದ ಹುಳ ತಲೆ ಎತ್ತಿ ಅವರನ್ನೇ ನೋಡಿತು.

“ಏನ್ ಬೀಗರೇ, ಇದು ಬದನೆಕಾಯೋ, ಹುಳದ ಛತ್ರವೋ?”

ನನಗೆ ಉರಿದುಹೋಯಿತು. “ಮುಂದಿನ ತಿಂಗಳು ಮೊಮ್ಮಗಳ ಸೀಮಂತ ನಿಮ್ಮನೇಲಿ ಐತಲ್ಲ, ಎಣ್ಣೆಗಾಯಿಗೆ ಕಾಯಿ ನಂದೇ. ಅಂಗಡಿ ಔಷಧಿ ಒಂದು ತೊಟ್ಟೂ ಹಾಕಂಗಿಲ್ಲ, ಎಲ್ಲಾ ಮನೆ ಮದ್ದೇ. ಒಂದೇ ಒಂದು ಹುಳ ಸಿಕ್ಕಿದ್ರೂ ನಿಮ್ಮ ಕೈಲೇ ಅರ್ಧ ಮೀಸೆ ಬೋಳಿಸ್ಕಂತೀನಿ!”

ಒಳಗಿಂದ ನನ್ನ ಹೆಂಡತಿ ಕೂಗಿದಳು: “ಯಾವ ಕಡೆ ಅರ್ಧ ಅಂತ ಈಗಲೇ ಹೇಳ್ಬಿಡು. ಆಮೇಲೆ ಬೀಗರ ಜೊತೆ ಜಗಳ ಬ್ಯಾಡ.”

ಬೀದಿಯೆಲ್ಲ ಸೀನಿದ್ದು

ಮೊದಲು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಅರೆದು ನೀರಲ್ಲಿ ಕದಡಿ ಸೋಸಿದೆ. ಸಿಂಪಡಿಸಲು ಶುರು ಮಾಡಿದ್ದೇ ತಡ, ಜೋಗಿಮಟ್ಟಿ ಕಡೆಯಿಂದ ಗಾಳಿ ಬೀಸಿತು. ಇಷ್ಟು ಹೊತ್ತು ಸುಮ್ಮನಿದ್ದ ಗಾಳಿ ಆಗಲೇ ಯಾಕೆ ಬೀಸಬೇಕು? ಅದರ ಮೇಲೂ ನನಗೆ ಅನುಮಾನವೇ. ಬೀದಿಗೆ ಬೀದಿಯೇ ಸೀನತೊಡಗಿತು. ಸೀನಿದ ರಭಸಕ್ಕೆ ಮೂಲೆಮನೆಯ ಹೆಂಚು ಜಾರಿದ್ದನ್ನು ನಾನೇ ಕಣ್ಣಾರೆ ಕಂಡೆ.

ಪಕ್ಕದ ಮನೆಯವನು ರಿಟೈರಾದ ಬಸ್ ಕಂಡಕ್ಟರ್. ಮೂಗಿಗೆ ಟವೆಲ್ ಹಿಡಿದು ಓಡಿಬಂದ. “ದೊಡ್ಡಪ್ಪ, ಏನ್ ಹೊಡೀತಿದೀಯ ಅದು? ಏನೇನ್ ಹಾಕಿದೀಯ ಹೇಳು!”

ಏನೇನು ಹಾಕಿದೆ ಅಂತ ಬೇಕಂತೆ! ನನ್ನ ಮದ್ದಿನ ಗುಟ್ಟು ಕದಿಯಲು ಸೀನಿನ ನೆವ. ಇವನ ಮೇಲೆ ಒಂದು ಕಣ್ಣಿಡಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಸಂಜೆ ಹೋಗಿ ಗಿಡ ನೋಡಿದೆ. ಇಡೀ ಬೀದಿಯಲ್ಲಿ ಸೀನದೆ ಉಳಿದದ್ದು ಹುಳ ಒಂದೇ.

ಮೇಕೆಯ ತೀರ್ಪು

ಆಮೇಲೆ ನಮ್ಮ ಅಪ್ಪ ಅಜ್ಜಂದಿರ ದಾರಿಗೆ ಬಂದೆ. ಮೇಕೆ ಮೂಸಿ ಮುಖ ತಿರುಗಿಸಿದ ಸೊಪ್ಪನ್ನು ಹುಳವೂ ಮುಟ್ಟುವುದಿಲ್ಲ. ಆ ಸೊಪ್ಪನ್ನೇ ಮದ್ದಿಗೆ ಹಾಕಬೇಕು. ನಮ್ಮ ಮೇಕೆಯನ್ನು ಕಟ್ಟಿ ಒಂದೊಂದೇ ಇಟ್ಟೆ. ಹುಣಸೆ ತಿಂದಿತು, ಹಾಲವಾಣ ತಿಂದಿತು, ನನ್ನ ಪಂಚೆಯ ಅಂಚನ್ನೂ ತಿಂದಿತು. ಲಕ್ಕಿ ಬೇಡ ಅಂದಿತು, ಎಕ್ಕ ಬೇಡ ಅಂದಿತು, ಸೀತಾಫಲದ ಎಲೆ ಬೇಡವೇ ಬೇಡ ಅಂದಿತು. ಬೇಡವಾದದ್ದೆಲ್ಲ ಗಡಿಗೆಗೆ.

ಅಷ್ಟರಲ್ಲಿ ಹೆಂಡತಿ ನನಗೆ ಅಂತ ಉಪ್ಪಿಟ್ಟು ತಂದಿಟ್ಟಳು. ಮೇಕೆ ಅದನ್ನೂ ಮೂಸಿ ಮುಖ ತಿರುಗಿಸಿತು. ನಾನು ಉಪ್ಪಿಟ್ಟು ನೋಡಿದೆ, ಗಡಿಗೆ ನೋಡಿದೆ.

“ಬಾಯಿ ತೆಗೀ, ನೋಡು,” ಅಂದಳು, “ನಿನ್ನ ಮೀಸೇನ ಪೂರ್ತಿ ಗಡಿಗೇಗೆ ಹಾಕ್ತೀನಿ.”

ಗಡಿಗೆ ನೆಲ ಸೇರಿದ್ದು

ಸೊಪ್ಪಿನ ಮೇಲೆ ದನದ ಗಂಜಲ, ಹುಳಿ ಮಜ್ಜಿಗೆ ಸುರಿದೆ. ಮಜ್ಜಿಗೆಗೆ ತಾಮ್ರದ ಗುಣ ಇಳಿಯಲಿ ಅಂತ ಹಳೇ ಕಾಲದ ತೂತಿನ ಕಾಸು ಒಂದು ಹಿಡಿ ಎಣಿಸಿ ಹಾಕಿದೆ. ಬಾಯಿಗೆ ಬಟ್ಟೆ ಬಿಗಿದು, ಯಾರೂ ನೋಡಬಾರದು ಅಂತ ಬೆಳಕು ಹರಿಯುವ ಮೊದಲೇ ತಿಪ್ಪೆ ಪಕ್ಕ ಹೂತೆ. ಕೊಳೆತಷ್ಟೂ ಅದಕ್ಕೆ ಶಕ್ತಿ ಜಾಸ್ತಿ. ಕೋಟೆ ಕೆಳಗಿನ ಬೀದಿಯಲ್ಲಿ ನೆಲ ಅಗೆಯುವವನನ್ನು ಕಂಡರೆ ಜನಕ್ಕೆ ನಿಧಿಯದೇ ಯೋಚನೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮಾರನೇ ದಿನದಿಂದ ಕಂಡಕ್ಟರ್ ಕಾಂಪೌಂಡ್ ಮೇಲೆ ಗದ್ದ ಊರಿಯೇ ಹಲ್ಲುಜ್ಜತೊಡಗಿದ.

“ದೊಡ್ಡಪ್ಪ, ಗಡಿಗೇಲಿ ಏನೈತೆ?”

“ಏನೋ ಐತೆ. ನಿಂಗ್ಯಾಕೆ?”

“ಹಿಂದಿನೋರದ್ದಾ?”

“ಹೂಂ. ನಮ್ಮಜ್ಜನ ಕಾಲದಿಂದ ಬಂದಿದ್ದು.”

“ನಾನ್ ಯಾರಿಗೂ ಹೇಳಂಗಿಲ್ಲ. ನಂಗೂ ಒಂದು ಪಾಲು ಕೊಡು.”

“ಬಬ್ಬೂರು ಕಡೆಯಿಂದ ಕೃಷಿ ಸಾಹೇಬ್ರೇ ಬಂದು ಕೇಳಿದ್ರೂ ಒಂದು ಲೋಟ ಕೊಡಂಗಿಲ್ಲ, ಹೋಗ್ಲೇ!”

ಅವನ ಬಾಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು. “ಲೋಟದಲ್ಲಿ ಅಳೆಯಾ ಅಷ್ಟು ಐತಾ!”

ಮುಂದೆ ಹೋಗ್ರಿ

ಒಂದು ದಿನ ಮಧ್ಯಾಹ್ನ ಬೀದಿಯವರೆಲ್ಲ ಗೃಹಪ್ರವೇಶದ ಊಟಕ್ಕೆ ಹೋಗಿದ್ದೆವು. ವಾಪಸ್ ಬಂದರೆ ಗಡಿಗೆ ಕಿತ್ತು ಬಂದು ನಲ್ಲಿ ಹತ್ತಿರ ಒಡೆದು ಬಿದ್ದಿದೆ. ಆ ನಾತಕ್ಕೆ ಕಾಗೆಗಳೆಲ್ಲ ಊರು ಬಿಟ್ಟು ಐಮಂಗಲದ ಕಡೆ ಹೊರಟಿದ್ದವು. ಯಾರೋ ತೆಗೆದು ಅಲ್ಲಾಡಿಸಿದ್ದಾರೆ, ಒಳಗೆ ಕಾಸು ಗಲಗಲ ಅಂದಿದೆ, ಬಟ್ಟೆ ಬಿಚ್ಚಿದ್ದಾರೆ, ಉಕ್ಕಿ ಮೈಮೇಲೆ ಬಂದಿದೆ. ನಲ್ಲಿಯಲ್ಲಿ ಮೈ ತೊಳೆದು, ಅದನ್ನು ನಿಲ್ಲಿಸದೆ ಓಡಿಹೋಗಿದ್ದಾರೆ. ನನ್ನ ಮದ್ದೆಲ್ಲ ನೀರಿನ ಜೊತೆ ಬದನೆ ಸಾಲಿಗೆ ಹರಿದುಹೋಗಿತ್ತು. ಕಾಸು ಆರಿಸಿದೆ. ಒಂದು ಕಮ್ಮಿ.

ಯಾರು? ಊಟಕ್ಕೆ ಯಾರು ಬಂದಿರಲಿಲ್ಲ ಅಂತ ಕೇಳಿದರೆ, ಎಲೆಯಲ್ಲಿ ಹೋಳಿಗೆ ಇದ್ದಾಗ ಪಕ್ಕದವರ ಮುಖ ನೋಡಿದವರೇ ಇಲ್ಲ. ಹೆಂಡತಿ ಮೇಲೆ ಅನುಮಾನ ಬಂತು, ಮೇಕೆ ಮೇಲೆ ಬಂತು. ನನ್ನ ಮೀಸೆ ಮೇಲೆ ಕಣ್ಣಿಟ್ಟು ಬೀಗರೇ ಆಳು ಕಳಿಸಿರಬೇಕು ಅಂತಲೂ ಬಂತು.

ಆದರೆ ಆ ನೀರು ಕುಡಿದ ಗಿಡಗಳು ಬಿಟ್ಟ ಹೊಸ ಕಾಯಿ ನೋಡಬೇಕಿತ್ತು, ಮುಖ ನೋಡಿಕೊಂಡು ತಲೆ ಬಾಚಬಹುದು! ಸೀಮಂತದ ದಿನ ಬುಟ್ಟಿ ಹೊತ್ತು ಹೊಸದುರ್ಗಕ್ಕೆ ಹೋದೆ. ಬೀಗರು ಕನ್ನಡಕ ಹಾಕಿ, ಈಳಿಗೆಮಣೆ ಮುಂದೆ ಕುಂತು, ಒಂದೊಂದು ಕಾಯಿಯನ್ನೂ ತಾವೇ ಸೀಳಿದರು. ಒಂದು ಹುಳ ಇಲ್ಲ.

“ಬೀಗರೇ, ನಿಜ ಹೇಳ್ರಿ, ಹುಳ ಎಲ್ಲಿ ಅಡಗಿಸಿದ್ರಿ?”

“ನನ್ನ ಮೀಸೇಲಿ ಹುಡುಕ್ರಿ, ಪೂರ್ತಿ ಐತೆ!” ಅಂದೆ.

ಸಂಜೆ ವಾಪಸ್ ಬರುವ ಬಸ್ಸು ತುಂಬಿ ತುಳುಕುತ್ತಿತ್ತು. ಹಿಂದಿನ ಬಾಗಿಲ ಹತ್ತಿರ ನಾನು ಒಂಟಿ ಕಾಲಲ್ಲಿ ನಿಂತಿದ್ದೆ. “ಮುಂದೆ ಹೋಗ್ರಿ, ಮುಂದೆ ಹೋಗ್ರಿ” ಅಂತ ಬಸ್ಸಿನ ಹುಡುಗ ಕಂಡಕ್ಟರ್ ಎಷ್ಟು ಬಾಯಿ ಬಡಿದುಕೊಂಡರೂ ಒಬ್ಬರೂ ಕದಲಲಿಲ್ಲ.

ಹೊಳಲ್ಕೆರೆಯಲ್ಲಿ ಬಸ್ ನಿಂತಿತು. ಹಿಂದಿನ ಬಾಗಿಲಲ್ಲಿ ಯಾರೋ ಒಬ್ಬರು ಹತ್ತಿದರು. ಅಷ್ಟು ಜನವೂ ಮೂಗು ಮುಚ್ಚಿಕೊಂಡು ಡ್ರೈವರ್ ತನಕ ನುಗ್ಗಿದರು. ಹಿಂದೆ ಉಳಿದದ್ದು ನಾವಿಬ್ಬರೇ: ಆ ನಾತ ಹಡೆದ ನಾನು, ಅದನ್ನು ಹೊತ್ತು ತಂದ ನಮ್ಮ ಪಕ್ಕದ ಮನೆ ಕಂಡಕ್ಟರ್.

ಅವನ ಕೈ ಜೇಬಿನ ಮೇಲೆ ಹೋಯಿತು. “ತೆಗಿ,” ಅಂದೆ. ತೂತಿನ ಕಾಸು ಹೊರಗೆ ಬಂತು.

“ಇದು ಬಂಗಾರನಾ ಅಂತ ಅಕ್ಕಸಾಲಿಗರ ಹತ್ರ ತೋರ್ಸಾಕೆ ಬಂದಿದ್ದೆ, ದೊಡ್ಡಪ್ಪ.”

“ಏನಂದ್ರು?”

“ಮುಟ್ಟಿ ನೋಡಿದ್ರಲ್ವಾ ಹೇಳಾದು? ಬಾಗಿಲಲ್ಲೇ ಓಡಿಸಿದ್ರು.”

ನಾನು ಸೀಟಲ್ಲಿ ಕಾಲು ಚಾಚಿ ಕುಂತು, ಎರಡೂ ಕಡೆಯ ಮೀಸೆ ತಿರುವಿದೆ.

“ಕುಂತ್ಕಳಪ್ಪ ಕಂಡಕ್ಟ್ರೇ. ಜೀವಮಾನವೆಲ್ಲ ‘ಮುಂದೆ ಹೋಗ್ರಿ, ಮುಂದೆ ಹೋಗ್ರಿ’ ಅಂತ ಗಂಟಲು ಹರ್ಕಂಡೆ. ಈ ಕಾಸನ್ನ ಸರ್ವೀಸಲ್ಲಿದ್ದಾಗಲೇ ಜೇಬಲ್ಲಿ ಇಟ್ಕಂಡಿದ್ರೆ ಬಾಯೇ ತೆಗೀಬೇಕಾಗಿರಲಿಲ್ಲ ನೋಡು!”