ಮಡಿಪಂಚೆಯೊಳಗಿನ ನೀ ಕ್ಯಾಪು

ಈ ಜನವರಿಯಲ್ಲಿ ಮ್ಯಾರಥಾನ್ ಓಡಿಯೇ ಓಡುತ್ತೇನೆ, ನಲವತ್ತೆರಡು ಕಿಲೋಮೀಟರು ಮುಗಿಸದಿದ್ದರೆ ನನ್ನ ಹೆಸರು ಸುಜಯೀಂದ್ರನೇ ಅಲ್ಲ! ಹಾಗಂತ ನುಂಗಂಬಾಕ್ಕಂನ ನಮ್ಮ ಫ್ಲ್ಯಾಟಿನ ವಾಚ್‌ಮನ್‌ನಿಂದ ಹಿಡಿದು ಆಫೀಸಿನ ಮೇಲಧಿಕಾರಿಯವರೆಗೆ ಎಲ್ಲರಿಗೂ ಸಾರಿಬಿಟ್ಟಿದ್ದೆ. ಒಳಗಿನ ಕಾರಣ ಮಾತ್ರ ಯಾರಿಗೂ ಹೇಳಿರಲಿಲ್ಲ. ನಮ್ಮಪ್ಪ ಐವತ್ತೆರಡಕ್ಕೆ ಎದೆ ಹಿಡಿದುಕೊಂಡು ಹೋದರು. ನನಗೀಗ ಐವತ್ತೊಂದು. ಹೆದರಿಕೆ ಸ್ವಾಮಿ, ಹೆದರಿಕೆ!

ಓಟಕ್ಕೆ ಮೂರು ವಾರ ಇರುವಾಗ ಎಡಮಂಡಿ ಉಳುಕಿತು. ಹೆಂಡತಿ ಶ್ರೀಪ್ರಿಯಾಗೆ ಗೊತ್ತಾದರೆ ಶೂಗಳು ಬೀರುವಿಗೆ, ಬೀಗದ ಕೈ ಅವಳ ಸೊಂಟಕ್ಕೆ! ಹಾಗಾಗಿ ಪ್ಯಾಂಟಿನೊಳಗೆ ಮಂಡಿಗೆ ಬಿಗಿಯಾಗಿ ನೀಲಿ ನೀ ಕ್ಯಾಪು ಏರಿಸಿ, ಮಹಾರಾಜರ ಗತ್ತಿನಲ್ಲಿ ನಿಧಾನ ನಡೆಯತೊಡಗಿದೆ.

"ಅಪ್ಪಾ, ಏನ್ ನೊಂಡ್ರೀಂಗ?" ಮಗಳು ವೃಂದಾ ಎಂದಿನಂತೆ ತಮಿಳಲ್ಲೇ ಕೇಳಿದಳು.

"ಕುಂಟ್ತಾ ಇಲ್ಲ ಕಣೇ, ಇದು ಹೊಸ ಟ್ರೈನಿಂಗು!"

"ಐವತ್ತಾದ ಮೇಲೆ ದಿನಕ್ಕೊಂದು ಹೊಸದು ಬರತ್ತೆ ಬಿಡಿ," ಅಂದಳು ಶ್ರೀಪ್ರಿಯಾ.

ಓಟದ ವಾರವೇ, ಗುರುವಾರ, ಅಪ್ಪನ ಶ್ರಾದ್ಧ ಬಂತು. ಎಪ್ಪತ್ತಾರರ ಅಮ್ಮ ಜಾನಕಮ್ಮ ಬೆಳಗಾಗುವ ಮೊದಲೇ ಮಿಂದು, ಮಡಿಯುಟ್ಟು ಅಡಿಗೆಗೆ ನಿಂತಿದ್ದಳು. ನಾನೂ ಮಿಂದು ಮಡಿಪಂಚೆ ಉಟ್ಟೆ. ಆದರೆ ಕ್ಯಾಪು ಇಲ್ಲದೆ ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಪಂಚೆಯೊಳಗೆ ಯಾರು ಇಣುಕ್ತಾರೆ ಅಂತ, ಹದಿನೈದು ದಿನದ ಬೆವರು ಕುಡಿದ ಅದನ್ನೇ ಏರಿಸಿಕೊಂಡೆ. ಸಾಲದ್ದಕ್ಕೆ ಅನ್ನ, ಹುಳಿ, ಪಾಯಸದ ಪಾತ್ರೆಗಳನ್ನೆಲ್ಲ ನಾನೇ ಎತ್ತಿ ತಂದಿಟ್ಟೆ. "ಇವತ್ತಾದರೂ ಕೈಗೆ ಸಿಕ್ಕಿದೆಯಲ್ಲೋ" ಅಂತ ಅಮ್ಮನಿಗೆ ಎಷ್ಟು ಸಂತೋಷ!

ಬ್ರಾಹ್ಮಣರ ಪಾದ ತೊಳೆಯಲು ಬಗ್ಗಿದೆ. ಪಂಚೆ ಮೇಲೆ ಸರಿಯಿತು.

"ಇದೇನ್ರೀ, ನೀಲಿ ಬಣ್ಣದ್ದು?" ಪುರೋಹಿತ ವಿಷ್ಣುಮೂರ್ತಿ ಆಚಾರ್ಯರ ಮಂತ್ರ ಅಲ್ಲೇ ನಿಂತಿತು.

"ನೀ ಕ್ಯಾಪು... ಮಂಡಿಗೆ."

"ಮಂಡಿಗೇನಾಯ್ತು?" ಬಾಗಿಲಾಚೆಯಿಂದ ಶ್ರೀಪ್ರಿಯಾ.

"ಮಡಿಗೇನಾಯ್ತು ಅಂತ ಕೇಳೇ!" ಅಡಿಗೆಮನೆಯಿಂದ ಅಮ್ಮ.

ಆಚಾರ್ಯರು ಪಾಪ, "ನೀವು ಇನ್ನೊಂದು ಸಲ ಮಿಂದು ಬನ್ನಿ, ಸಾಕು. ಅಡಿಗೆ ಇರಲಿ, ಅಮ್ಮನಿಗೂ ವಯಸ್ಸಾಯ್ತು" ಅಂದರು.

"ಅವರಿಗೆ ವರ್ಷಕ್ಕೊಂದೇ ಊಟ, ಆಚಾರ್ರೇ. ಮೈಲಿಗೇದು ಬಡಿಸ್ಲಾ?" ಅಂದಳು ಅಮ್ಮ.

ಮತ್ತೆ ಮಿಂದಳು. ಅಕ್ಕಿ ತೊಳೆಯುವುದರಿಂದ ಮತ್ತೆ ಶುರು! ಬಗ್ಗಿದಾಗಲೆಲ್ಲ ಕಟ್ಟೆ ಹಿಡಿದು, ಹಲ್ಲು ಕಚ್ಚಿ ಏಳುತ್ತಿದ್ದಳು. ನಾನು ಹೊರಗೆ ಹಸಿದು ಕೂತು ಅದನ್ನೇ ನೋಡಿದೆ.

ಸಂಜೆ ಪಕ್ಕದಲ್ಲಿ ಕೂತು ಕೇಳಿದೆ. "ಅಮ್ಮಾ, ನಿನಗೂ ಮಂಡಿ ನೋವಾ?"

"ಹೂಂ. ಹತ್ತು ವರ್ಷ ಆಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ನನಗೆ ಹೇಳಿದ್ಯಾ?"

ಶೂಗಳು ಬೀರು ಸೇರಿದವು. ಭಾನುವಾರ ಊರೆಲ್ಲ ಬೀಚ್ ರೋಡಿನಲ್ಲಿ ಓಡುವಾಗ ನಾನು ಮಂಡಿಗೆ ಐಸು ಒತ್ತಿಕೊಂಡು ಸೋಫಾದಲ್ಲಿ ಬಿದ್ದಿದ್ದೆ. ಬಾಲ್ಕನಿಯಲ್ಲಿ ಅಮ್ಮ ತುಳಸಿ ಸುತ್ತುತ್ತಿದ್ದಳು. ಸೀರೆಯಂಚಿನ ಕೆಳಗೆ ಏನೋ ನೀಲಿ ಕಂಡಿತು. ನನ್ನದೇ ಕ್ಯಾಪು, ನಾಲ್ಕು ನೀರಲ್ಲಿ ಒಗೆದು ಒಣಗಿಸಿದ್ದು!

"ಸಾಕಮ್ಮಾ, ಎಷ್ಟು ಸುತ್ತು ಬರ್ತೀಯ? ಯಾವ ಹರಕೆ ಇದು?"

ಅಮ್ಮ ನಿಲ್ಲಲಿಲ್ಲ. "ನಿನ್ನ ಆಯಸ್ಸಿಗೆ, ವರ್ಷಕ್ಕೊಂದು ಸುತ್ತು. ನೀನು ಸುಮ್ಮನೆ ಕೂತಿರು, ಐವತ್ತೆರಡು ಈಗಷ್ಟೇ ದಾಟಿಸಿದೀನಿ."