ಯಾರ ಮದುವೆಯೂ ಇಲ್ಲದ ಚಪ್ಪರ

ನಮ್ಮ ಸೋದರಮಾವನನ್ನು ಮದುವೆಗೆ ಕರೆಯುವವರು ಮೊದಲು ಚಪ್ಪರಕ್ಕೆ ವಿಮೆ ಮಾಡಿಸಿಕೊಳ್ಳುವುದು ಒಳ್ಳೆಯದು! ಹೆಣ್ಣು ಹೇಗಿದ್ದಾಳೆ, ಊಟಕ್ಕೇನಿದೆ, ಒಂದನ್ನೂ ಆತ ಕೇಳುವುದಿಲ್ಲ. ನೇರವಾಗಿ ಹೋಗಿ ಕಂಬ ಹಿಡಿದು ಅಲ್ಲಾಡಿಸುತ್ತಾನೆ. ರಾಯಕೋಟೆಯಲ್ಲೊಮ್ಮೆ ತಾಳಿ ಕಟ್ಟುವ ಹೊತ್ತಿಗೇ ಅಲ್ಲಾಡಿಸಿದ್ದಕ್ಕೆ ಸೋಗೆಯಲ್ಲಿದ್ದ ಹಲ್ಲಿ ಪುರೋಹಿತರ ತಲೆಯ ಮೇಲೆ ಬಿತ್ತು. "ನೋಡುದ್ರಾ, ಗಟ್ಟಿ ಇಲ್ಲ!" ಎಂದು ಮಾವನೇ ಎಲ್ಲರ ಮೇಲೂ ರೇಗಿದ!

ಇಂಥವನನ್ನು ಹೊಸೂರಿನ ಪಾರ್ಕಿಗೆ ಕರೆದುಕೊಂಡು ಹೋದೆ. ನಮ್ಮ ವಂಶಕ್ಕೇ ಮೊದಲ ಡಿಗ್ರಿ ನನ್ನದು. ಬಸ್ಸಿನಲ್ಲಿ ನಿಂತುಕೊಂಡೇ ಕೃಷ್ಣಗಿರಿಗೆ ಹೋಗಿ ಓದಿದವಳು. ಕಲೆಯೆಂದರೇನೆಂದು ಮನೆಯವರಿಗೆ ನಾನಲ್ಲದೆ ಇನ್ನಾರು ತೋರಿಸಬೇಕು? ಯಾರೋ ಕಲಾವಿದರು ಬಿದಿರು ನಿಲ್ಲಿಸಿ, ಹಳದಿ, ಕೆಂಪು, ನೀಲಿ ಬಟ್ಟೆ ಬಿಗಿದು ಆಳೆತ್ತರಕ್ಕೆ ಎರಡು ಪಾಲು ಎತ್ತರದ ಮಂಟಪ ಕಟ್ಟಿದ್ದರು. ಮರುದಿನವೇ ಬಿಚ್ಚುವವರಿದ್ದರು.

"ಯಾರ್ದಮ್ಮಣ್ಣಿ ಮದ್ವೆ?"

"ಮದ್ವೆ ಅಲ್ಲ ಮಾವ. ಸುಮ್ಕೆ ನೋಡಕ್ಕಂತ ಕಟ್ಟವ್ರೆ. ನಾಳೆ ಬಿಚ್ಬುಡ್ತಾರೆ."

"ಚಪ್ಪರ ಯಾರ್ ನೋಡ್ತಾರೆ? ಒಳಗೆ ಕುಂತಿರೋರ್ನ ನೋಡ್ತಾರೆ!"

ಈ ಮಾತು ಹೇಳಿದವನು ಯಾರು, ಸ್ವಲ್ಪ ಗಮನಿಸಿ!

"ಹಾಲುಗಂಬ ಇಲ್ಲ, ಮಾವಿನ್ ಸೊಪ್ಪಿಲ್ಲ. ಇಂಗೂ ಉಂಟಾ?" ಎನ್ನುತ್ತಲೇ ಕಂಬಕ್ಕೆ ಕೈ ಹಾಕಿದ. ಕಾವಲುಗಾರ ಸೀಟಿ ಊದುತ್ತ ಓಡಿಬಂದು ತಮಿಳಿನಲ್ಲಿ ಗದರಿದ. "ಯೋವ್ ಪೆರಿಸು, ಕೈಯ ಎಡುಯ್ಯಾ!"

"ಕೈ ತೆಗ್ಯಲ್ಲ ಕಣಯ್ಯ! ಒಂದು ಶುಭಕಾರ್ಯ ಆಗ್ದೆ ಬರೀ ಚಪ್ಪರ ಬಿಚ್ತೀರಾ? ಯಾವೂರ್ ನ್ಯಾಯ ಇದು?"

ಜನ ಸೇರಿದರು. ಆ ಜನರಲ್ಲಿ ನಮ್ಮ ಆಫೀಸಿನವರೂ ಇರಬೇಕೆ! ಕಷ್ಟಪಟ್ಟು ಸಂಪಾದಿಸಿದ ಮರ್ಯಾದೆ ಕಣ್ಣೆದುರೇ ಕರಗುತ್ತಿತ್ತು. ಮಾವ ಸರಸರನೆ ಗೇಟಿನಾಚೆ ಹೋದ. ಸದ್ಯ, ಹೊರಟನಲ್ಲ ಎಂದುಕೊಳ್ಳುವಷ್ಟರಲ್ಲಿ ಒಂದು ಸೇವಂತಿಗೆ ಹಾರ ಹಿಡಿದು ವಾಪಸ್ಸು ಬಂದ!

"ನಡುಮಧ್ಯಕ್ಕೆ ಕುಂತ್ಕ."

ನನಗೆ ರೇಗಿಹೋಯಿತು. "ಗಂಡು ಎಲ್ಲವ್ನೆ ಮಾವ? ಅವುನ್ನೂ ಗೇಟತ್ರ ಕೊಂಡ್ಕಂಡ್ ಬಂದ್ಯಾ?"

"ಗಂಡಿನ್ ಮಾತು ಯಾರಾಡುದ್ರು?" ಮಾವನ ದನಿ ನನಗಿಂತ ಜೋರಾಗಿತ್ತು. ಆಮೇಲೆ ಇಳಿಯಿತು. "ನೀನು ದೊಡ್ಡೋಳಾದಾಗ ಸೊಪ್ಪಿನ್ ಗುಡ್ಲು ನಾನೇ ಕಟ್ದೆ. ಸೋದರಮಾವ್ನ ಕೆಲ್ಸ ಅದು. ನೀನು ಡಿಗ್ರಿ ತಗಂಡಾಗ ಯಾವೋನಾದ್ರೂ ಚಪ್ಪರ ಹಾಕುದ್ನಾ? ನಾನೂ ಹಾಕ್ಲಿಲ್ಲ. ಅದಕ್ಕೂ ಹಾಕ್ಬೌದು ಅಂತ ಹೊಳೀಲೇ ಇಲ್ಲ ಕಣಮ್ಮಣ್ಣಿ."

ಕಾವಲುಗಾರನಿಗೆ ಎಷ್ಟು ಅರ್ಥವಾಯಿತೋ, ಸೀಟಿಯನ್ನು ಜೇಬಿಗೆ ಹಾಕಿಕೊಂಡ. ನಾನು ಹೋಗಿ ಕುಳಿತೆ. ಮಾವ ಹಾರ ಹಾಕಿದ. ಆಫೀಸಿನವರು ನೋಡುತ್ತಲೇ ಇದ್ದರು.

ಚೆನ್ನಾಗಿ ನೋಡಲಿ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡೆ.