ಒಂದೇ ಹೋರಿಯ ಬೀದಿ

ಹಸುಗಳಿಗೆ ಗಂಡು ಗೊತ್ತುಮಾಡಿ ಕೊಡುವುದು ನನ್ನ ಕಸುಬು. ಯಲಹಂಕದಿಂದ ಬಾಗಲೂರಿನ ತನಕ ಕೊಟ್ಟಿಗೆ ಇರುವ ಮನೆಗಳಿಗೆಲ್ಲ ಸ್ಕೂಟರಿನಲ್ಲಿ ಹೋಗಿ, ಹೆಪ್ಪುಗಟ್ಟಿಸಿದ ಹೋರಿ ವೀರ್ಯದ ಕಡ್ಡಿಯಿಂದ ಗಬ್ಬ ಕಟ್ಟಿಸುತ್ತೇನೆ. ಹಸುಗಳಿಂದ ಇದುವರೆಗೆ ಒಂದು ತಕರಾರೂ ಬಂದಿಲ್ಲ, ಒದ್ದಿವೆ, ಅಷ್ಟೆ. ಪ್ರಸಂಗಗಳೆಲ್ಲ ನಡೆಯುವುದು ಹಗ್ಗ ಹಿಡಿದು ನಿಂತವರಿಂದ.

ವರಾನ್ವೇಷಣೆ

ಸಹಕಾರನಗರದ ನಿವೃತ್ತ ಅಧಿಕಾರಿಯೊಬ್ಬರು ಪಕ್ಕದ ಖಾಲಿ ಸೈಟಿನಲ್ಲಿ ಒಂದು ನಾಟಿ ಹಸು ಸಾಕಿದ್ದಾರೆ. ಒಂದು ಬೆಳಿಗ್ಗೆ ಫೋನ್ ಮಾಡಿ ಹಸು ಬೆದೆಗೆ ಬಂದಿದೆ ಎಂದರು. ಸಂಜೆ ಬರುತ್ತೇನೆ ಎಂದೆ. ಮೊದಲು ಹೋರಿಯ ವಿವರ ಕಳಿಸಿ ಎಂದರು. ಕಳಿಸಿದೆ. ಅದರ ತಾಯಿಯ ಹಾಲೆಷ್ಟು, ಸ್ವಭಾವ ಹೇಗೆ, ಕೊಂಬು ಎತ್ತ ಬಾಗಿದೆ ಎಂದು ವಿಚಾರಿಸಿ, ಇನ್ನೆರಡು ಹೋರಿಗಳ ಫೋಟೊ ಕೇಳಿದರು. ಮಗಳಿಗೆ ಗಂಡು ನೋಡುವಾಗಲೂ ಇಷ್ಟು ವಿಚಾರಿಸಲಿಲ್ಲ ಎಂದು ಅವರ ಹೆಂಡತಿ ಹಿಂದಿನಿಂದ ಹೇಳುವುದು ಫೋನಿನಲ್ಲೇ ಕೇಳಿಸಿತು.

ಮೂರನೆಯ ದಿನ ಮಧ್ಯಾಹ್ನ ಮತ್ತೆ ಫೋನ್. ಮನೆಯವರೆಲ್ಲ ಎರಡನೇ ಹೋರಿಯನ್ನು ಒಪ್ಪಿದ್ದಾರಂತೆ. ಬೆದೆ ಒಂದು ದಿನ ಇದ್ದರೆ ಹೆಚ್ಚು; ಹಸು ಆಗಲೇ ಆಸೆ ಬಿಟ್ಟು ಹುಲ್ಲು ಮೇಯುತ್ತಿತ್ತು. ಮುಂದಿನ ಬೆದೆಗೆ ಇನ್ನು ಹತ್ತೊಂಬತ್ತು ದಿನ ಕಾಯಬೇಕು ಸಾರ್ ಎಂದೆ.

"ಒಳ್ಳೇದೇ ಆಯ್ತು ಬಿಡಿ," ಎಂದರು. "ಅಷ್ಟ್ರಲ್ಲಿ ಇನ್ನೊಂದ್ ನಾಲ್ಕು ಹೋರಿ ನೋಡ್ಬಹುದು."

ಅದೇ ನಂಬರ್ ಕೊಡಿ

ಬಾಗಲೂರಿನ ಒಂದು ಬೀದಿಯಲ್ಲಿ ಯಾರದೋ ಮನೆಯ ಹಸು ಮೊದಲ ಸೂಲಿನಲ್ಲೇ ಬಕೆಟ್ ತುಂಬ ಹಾಲು ಕೊಟ್ಟಿತು. ಕಡ್ಡಿಯ ಮೇಲೆ ಅಚ್ಚಾಗಿರುವ ಅದರ ಅಪ್ಪನ ನಂಬರ್ ಬೀದಿಗೆಲ್ಲ ಬಾಯಿಪಾಠವಾಯಿತು. ಒಂದೇ ರಕ್ತ ಬೀದಿ ತುಂಬ ಹರಡುವುದು ಒಳ್ಳೆಯದಲ್ಲ, ಬೇರೆ ಹೋರಿ ಕೊಡುತ್ತೇನೆ ಎಂದರೆ ನಿಮ್ಮ ಹತ್ತಿರ ಸ್ಟಾಕ್ ಇಲ್ಲವೇ ಎಂದು ಕೇಳುವರು. ನಾನೂ ಸೋತು ಕೊಡುತ್ತ ಹೋದೆ, ತಪ್ಪು ನನ್ನದೂ ಇದೆ. ಕೆಲವೇ ವರ್ಷಗಳಲ್ಲಿ ಬೀದಿಯ ಕರುಗಳೆಲ್ಲ ಕಪ್ಪು, ಎಲ್ಲದರ ಹಣೆಯ ಮೇಲೂ ಅದೇ ಬಿಳಿ ಮಚ್ಚೆ.

ಒಂದು ಸಂಜೆ ಎದುರುಬದುರು ಮನೆಯವರ ಕರುಗಳು ಬಯಲಿನಿಂದ ಬರುವಾಗ ಅದಲುಬದಲಾದವು. ಒಂದು ವಾರ ಯಾರಿಗೂ ಗೊತ್ತಾಗಲಿಲ್ಲ. ಕಿವಿಯ ಬಿಲ್ಲೆ ನೋಡಿ ನಾನೇ ಹೇಳಿ ವಾಪಸು ಕೊಡಿಸಿದೆ. ಮಾರನೆಯ ಬೆಳಿಗ್ಗೆ ಒಬ್ಬರು ಗುಟ್ಟಾಗಿ ಬಂದು, ಅವರ ಕರುವೇ ಲಕ್ಷಣವಾಗಿತ್ತು, ನೀವ್ಯಾಕೆ ಬಾಯಿ ಬಿಟ್ಟಿರಿ ಎಂದರು. ಸಂಜೆ ಇನ್ನೊಬ್ಬರೂ ಬಂದು ಅದನ್ನೇ ಹೇಳಿದರು.

ಅಜ್ಜಿ ಕೇಳಿದ ಪ್ರಶ್ನೆ

ಅದೇ ಬೀದಿಯ ಕೊನೆಯ ಮನೆ ಒಬ್ಬ ಅಜ್ಜಿಯದು. ಅವರಿಗಿರುವುದು ಒಂದೇ ಹಸು. ಬೇರೆ ಬೇರೆ ಹೋರಿಗಳ ಕಡ್ಡಿ ಮೂರು ಸಲ ಹಾಕಿದರೂ ಗಬ್ಬ ನಿಂತಿರಲಿಲ್ಲ. ಈ ಸಲವೂ ನಿಲ್ಲದಿದ್ದರೆ ಹಸು ಮಾರಿ, ಕೊಟ್ಟಿಗೆ ಕೆಡವಿ, ಬಾಡಿಗೆಯವರ ಕಾರಿಗೆ ಜಾಗ ಮಾಡುತ್ತೇನೆಂದು ಮಗ ಹೇಳಿಬಿಟ್ಟಿದ್ದ. ಅಜ್ಜಿಯೋ ಆ ಹಸುವಿನ ಮುಖ ನೋಡದೆ ಕಾಫಿಯನ್ನೂ ಕುಡಿಯುವವರಲ್ಲ. ನನಗೂ ಸಂಕಟವಾಗಿತ್ತು.

ಈ ಸಲ ಬೀದಿಯವರ ನಂಬರೇ ಆಗಬೇಕೆಂದು ಅಜ್ಜಿ ಹಟ ಹಿಡಿದರು. ನನ್ನ ಪುಸ್ತಕ ತೆಗೆದು ನೋಡಿದರೆ ಆ ಹೋರಿಯೇ ಈ ಹಸುವಿನ ಅಪ್ಪ. ಕೊಟ್ಟಿಗೆಯ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ಭಾಷಣ ಮಾಡಿದೆ. ಹತ್ತಿರದ ರಕ್ತ ಕೂಡಿದರೆ ಗಬ್ಬ ನಿಲ್ಲುವುದೇ ಕಷ್ಟ, ನಿಂತರೂ ಕರು ಸೊರಗುತ್ತದೆ, ಮಂಕಾಗಿ ಹುಟ್ಟುತ್ತದೆ ಎಂದೆಲ್ಲ ಹೇಳಿದೆ.

ಅಜ್ಜಿ ಪೂರ್ತಿ ಕೇಳಿಸಿಕೊಂಡು, "ನಿಮ್ ಮನೆಯೋರು ಮದ್ವೆಗ್ ಮುಂಚೆ ನಿಮ್ಗೇನಾಗ್ಬೇಕಿತ್ತು?" ಎಂದರು.

ನನ್ನ ಹೆಂಡತಿ ನನ್ನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಅದು ಮಾಮೂಲು. ಹೇಳಿದೆ.

"ಮಕ್ಕಳು?"

ಇಬ್ಬರು ಗಂಡುಮಕ್ಕಳು, ಇಬ್ಬರೂ ಇಂಜಿನಿಯರುಗಳು ಎಂದೆ. ದನಿಗೆ ಭಾಷಣ ಮಾಡುವಾಗಿನ ಗತ್ತಿರಲಿಲ್ಲ. ಇನ್ನು ಅದೇ ನಂಬರ್ ಹಾಕದೆ ಬೇರೆ ದಾರಿಯಿಲ್ಲ ಎಂದುಕೊಂಡೆ.

ಅಜ್ಜಿ ಹಸುವಿನ ಬೆನ್ನು ಸವರಿದರು. "ಓದ್ ತಿಂಗ್ಳು ನಿಮ್ ಸ್ಕೂಟರ್ ಕೆಟ್ಟಾಗ ಇಬ್ರು ಉಡುಗ್ರು ಬಂದಿದ್ರಲ್ಲ, ಸ್ಟ್ಯಾಂಡ್ ತೆಗೀದೇ ತಳ್ತಿದ್ರು, ಅವರಿಬ್ರೇನಾ?"

ಹೌದು ಎಂದೆ.

"ಬ್ಯಾರೆ ಓರಿನೇ ಆಕ್ಬುಡಿ," ಎಂದರು.

ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿದೆ. ಗಬ್ಬ ನಿಂತಿತ್ತು. ಅಜ್ಜಿ ಹಸುವಿನ ಕುತ್ತಿಗೆ ತಬ್ಬಿಕೊಂಡು ಅತ್ತರು, ಮಗ ಕಾರಿನ ಮಾತೆತ್ತಲಿಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಧ್ಯಾಹ್ನ ಅಟ್ಟೂರಿನ ಮನೆಗೆ ಬಂದು ಊಟಕ್ಕೆ ಕೂತವನೇ ಸುದ್ದಿ ಹೇಳಿದೆ. ಅಂಥ ಹಟದ ಅಜ್ಜಿಯನ್ನು ಹೇಗೆ ಒಪ್ಪಿಸಿದಿರಿ ಎಂದು ಹೆಂಡತಿ ಕೇಳಿದಳು. ಪಕ್ಕದಲ್ಲೇ ಇಬ್ಬರು ಇಂಜಿನಿಯರುಗಳೂ ಅನ್ನ ಕಲಸುತ್ತ ಕೂತಿದ್ದರು.

"ಉದಾಹರಣೆ ಸಮೇತ ವಿವರಿಸಿದೆ," ಎಂದೆ.